ಸದ್ದಿಲ್ಲದಾಗಲೂ ಒತ್ತಿದ ಗುಂಡಿ

ಆಸ್ಪತ್ರೆಯ ಎರಡನೇ ಮಹಡಿಯ ಮೂಲೆಯಲ್ಲಿ ಕಿವಿ ಪರೀಕ್ಷೆಯ ಕೋಣೆಯಿದೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ ಅಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಶನಿವಾರ ಸಂಜೆ, ಭಾನುವಾರ ಮಧ್ಯಾಹ್ನ ಅದೇ ಹೆಂಗಸು ಯಾವುದಾದರೂ ಹೋಟೆಲಿನ ಅಂಗಳದಲ್ಲೋ ಪಾರ್ಟಿ ಹಾಲಿನಲ್ಲೋ ಕೂತು ಡ್ರಮ್ಸ್ ಬಾರಿಸುತ್ತಿರುತ್ತಾಳೆ. ಅಲ್ಲಿ ಅವಳು ಡ್ರಮ್ಮಕ್ಕ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದುಬಂದಿದೆ. "ವಾರವೆಲ್ಲ ಜನರ ಕಿವಿ ನೋಡ್ತೀಯ, ವಾರದ ಕೊನೆಗೆ ಅದೇ ಕಿವಿ ಮೇಲೆ ಬಡೀತೀಯ" ಎಂದು ಗಂಡ ಚುಡಾಯಿಸಿದರೆ, "ಗಿರಾಕಿ ಕಮ್ಮಿ ಆಗ್ಬಾರ್ದಲ್ಲ" ಎನ್ನುತ್ತಾಳೆ.

ಬ್ಯಾಂಡ್ ಎಂದರೆ ಮನೆಮಂದಿಯೇ. ಮೈದುನನದು ಗಿಟಾರ್. ಹಾಡುವವಳು ಅವನ ಹೆಂಡತಿ, ಶಾಲೆಯೊಂದರಲ್ಲಿ ಗಣಿತದ ಟೀಚರ್. ಮೈಕು, ವೈರುಗಳಿಗೆಲ್ಲ ಗಂಡನೇ ಯಜಮಾನ. ಓರಗಿತ್ತಿಯರಿಬ್ಬರು ಇಷ್ಟು ವರ್ಷ ಒಂದೇ ವೇದಿಕೆಯ ಮೇಲೆ ಮುಖ ತಿರುಗಿಸದೆ ಇದ್ದದ್ದೇ ದೊಡ್ಡ ದಾಖಲೆ. ಈ ವರ್ಷ ಅದಕ್ಕೂ ಕುತ್ತು ಬಂತು.

"ಅಕ್ಕಾ, ಆ ಸಿಂಬಲ್ ತಟ್ಟೆ ಸ್ವಲ್ಪ ಮೆಲ್ಲಗೆ ಹೊಡೀರಿ. ನನ್ನ ದನೀನೇ ನನಗೆ ಕೇಳ್ಸಲ್ಲ" ಎಂದಳು ಓರಗಿತ್ತಿ.

"ನಾನು ಯಾವಾಗ್ಲೂ ಹೊಡೆಯೋ ಹಾಗೇ ಹೊಡೀತಿದೀನಿ. ನಿನ್ನ ದನಿ ಇಳಿದಿರ್ಬೇಕು, ನೋಡ್ಕೊ."

ಓರಗಿತ್ತಿಯ ಮುಖ ಸಣ್ಣಗಾಯಿತು. ಆಮೇಲೆ ಎರಡು ವಾರ, ಏನು ಹೇಳುವುದಿದ್ದರೂ ಗಂಡಂದಿರ ಮೂಲಕವೇ.

ಈ ದೂರನ್ನೇ ಬೇರೆ ಯಾರಾದರೂ ಆಸ್ಪತ್ರೆಗೆ ತಂದಿದ್ದರೆ ಮೇಡಂ ಕೂಡಲೇ ಅವರನ್ನು ಕೂರಿಸಿ ಪರೀಕ್ಷೆ ಮಾಡುತ್ತಿದ್ದಳು. ಜೋರು ಸದ್ದಿನ ನಡುವೆ ದುಡಿಯುವವರಿಗೆ ಮೊದಲು ಕೇಳಿಸದಾಗುವುದು ತೀಕ್ಷ್ಣವಾದ, ಮೇಲಿನ ಸ್ಥಾಯಿಯ ಸದ್ದುಗಳು. ಸಿಂಬಲ್ಲಿನ ಝಣಝಣವೂ ಅಂಥದ್ದೇ. ತನಗೆ ಕಮ್ಮಿ ಕೇಳಿದರೆ ಮನುಷ್ಯ ಇನ್ನಷ್ಟು ಬಡಿಯುತ್ತಾನೆ. ಕಾರ್ಖಾನೆಯವರಿಗೆ ಇದನ್ನೆಲ್ಲ ಗಿಳಿಪಾಠದಂತೆ ಒಪ್ಪಿಸಿ, ಕಿವಿಗಿಡುವ ರಬ್ಬರ್ ಬಿರಡೆ ಕೊಟ್ಟು ಕಳಿಸುತ್ತಿದ್ದವಳು ತಾನು ಮಾತ್ರ ಒಂದು ದಿನವೂ ಬಿರಡೆ ಇಟ್ಟುಕೊಂಡವಳಲ್ಲ. ಇಟ್ಟುಕೊಂಡರೆ ದಿಂಬು ಬಡಿದ ಹಾಗಾಗುತ್ತದಂತೆ. ಅಲ್ಲದೆ ಸಿಬ್ಬಂದಿಗೆಲ್ಲ ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆಯಲ್ಲಿ ಅವಳ ಕಿವಿ ಪ್ರತಿಸಲವೂ ಪಾಸಾಗುತ್ತಿತ್ತು. ಹೇಳುವವರಿಗೇನು ಕೆಲಸ ಎಂದು ಅವಳು ಹಾಯಾಗಿದ್ದಳು.

ಆ ಪರೀಕ್ಷೆ ಮಾಡುತ್ತಿದ್ದವಳು ಜೊತೆಯ ಕಿರಿಯ ಹುಡುಗಿ, ಮೇಡಮ್ಮೇ ಕೆಲಸ ಕಲಿಸಿ ತಯಾರು ಮಾಡಿದವಳು. ಪರೀಕ್ಷೆಯೇನೂ ಕಷ್ಟದ್ದಲ್ಲ. ಒಳಗಿನ ಪುಟ್ಟ ಕೋಣೆಯಲ್ಲಿ ಗಾಜಿಗೆ ಬೆನ್ನು ಹಾಕಿ, ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಸಣ್ಣ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಒತ್ತಿದರೆ ಹೊರಗಿನ ಯಂತ್ರದಲ್ಲಿ ಹಸಿರು ದೀಪ ಹೊತ್ತುತ್ತದೆ. "ಸದ್ದು ಒಂದೇ ಸಮನೆ ಕೊಡ್ಬೇಡ, ಜನ ಅಂದಾಜಿನ ಮೇಲೆ ಒತ್ಬಿಡ್ತಾರೆ" ಎಂದು ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಆದರೆ ಮೇಡಂಗೇ ಎಂಥ ಪರೀಕ್ಷೆ ಎಂದುಕೊಂಡು ಹುಡುಗಿ ಪ್ರತಿವರ್ಷ ಟಕಟಕನೆ ಒಂದೇ ಲೆಕ್ಕದಲ್ಲಿ ಸದ್ದು ಕೊಟ್ಟು ಮುಗಿಸುತ್ತಿದ್ದಳು.

ಈ ವರ್ಷದ ಪರೀಕ್ಷೆಯ ನಡುವೆ ಅಟೆಂಡರ್ ಫೈಲು ತಂದ. ಹುಡುಗಿ ಯಂತ್ರದಿಂದ ಕೈ ತೆಗೆದು ಸಹಿ ಹಾಕಿದಳು. ತಿರುಗಿ ನೋಡಿದರೆ ಹಸಿರು ದೀಪ ಹೊತ್ತಿತು. ಯಂತ್ರದಿಂದ ಯಾವ ಸದ್ದೂ ಹೋಗುತ್ತಿರಲಿಲ್ಲ. ಮೂರು ಸೆಕೆಂಡಿಗೆ ಮತ್ತೆ ಹೊತ್ತಿತು. ಇನ್ನೂ ಮೂರು ಸೆಕೆಂಡಿಗೆ ಮತ್ತೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹುಡುಗಿ ಹೋಗಿ ಬಾಗಿಲು ತೆಗೆದಳು.

"ಮೇಡಂ, ಈಗೇನು ಕೇಳಿಸ್ತಿತ್ತು?"

"ಸಣ್ಣದು. ತುಂಬಾ ಸಣ್ಣದು. ಯಾಕೆ?"

"ನಾನು ಏನೂ ಕೊಡ್ತಿರ್ಲಿಲ್ಲ ಮೇಡಂ."

ಮೇಡಂ ಸುಳ್ಳು ಹೇಳುವವಳಲ್ಲ, ಇದನ್ನು ನಂಬಬೇಕು. ಇಪ್ಪತ್ತೆರಡು ವರ್ಷ ತಾಳ ಹಿಡಿದ ಕೈ ಅದು. ಎರಡು ಸಲ ಒಂದೇ ಅಂತರದಲ್ಲಿ ಸದ್ದು ಕೊಟ್ಟರೆ ಮೂರನೆಯದರ ಜಾಗ ಅದಕ್ಕೆ ತಾನಾಗಿ ಗೊತ್ತಾಗಿಬಿಡುತ್ತದೆ. ಕೈ ಒತ್ತಿದ ಮೇಲೆ, ಹೌದು ಕೇಳಿತು ಎಂದು ಮನಸ್ಸು ಹೆಬ್ಬೆಟ್ಟು ಒತ್ತಿ ಒಪ್ಪಿಕೊಂಡಿತ್ತು, ಅಷ್ಟೇ.

"ಇನ್ನೊಂದ್ಸಲ ಮಾಡು" ಎಂದಳು ಮೇಡಂ. "ನಾನು ಹೇಳಿಕೊಟ್ಟ ಹಾಗೆ ಮಾಡು."

ಈ ಸಲ ಹುಡುಗಿ ಒಮ್ಮೆ ಬೇಗ, ಒಮ್ಮೆ ತಡವಾಗಿ, ಒಮ್ಮೆ ಬಹಳ ಕಾಯಿಸಿ ಸದ್ದು ಕೊಟ್ಟಳು. ಎಷ್ಟು ಕೇಳಿಸಿತೆಂದು ತೋರಿಸುವ ಕಾಗದದ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಹೋಗಿ, ತೀಕ್ಷ್ಣ ಸದ್ದುಗಳ ಕಡೆ ಬಂದಾಗ ಹಳ್ಳಕ್ಕೆ ಬಿತ್ತು. ಎರಡು ಕಿವಿಯದೂ ಅದೇ ಕತೆ. ಇಂಥ ಹಳ್ಳವನ್ನು ಮೇಡಂ ನೂರಾರು ಜನರಿಗೆ ಬೆರಳಿಟ್ಟು ತೋರಿಸಿದ್ದಳು.

"ಡಾಕ್ಟರ್ ಹತ್ರ ಹೋಗೋಣ್ವಾ ಮೇಡಂ?"

"ಅವರು ಏನು ಹೇಳ್ತಾರೆ ಅಂತ ನನಗೆ ಗೊತ್ತಿಲ್ವಾ?" ಎಂದು ರೇಗಿದರೂ ಹೋದಳು. ಡಾಕ್ಟರು ಹೇಳಿದ್ದೂ ಅದನ್ನೇ. ಹೋದದ್ದು ಬರುವುದಿಲ್ಲ. ಹೀಗೇ ಬಾರಿಸುತ್ತಿದ್ದರೆ ಕೆಲವೇ ವರ್ಷಗಳಲ್ಲಿ ಮನೆಯವರ ಮಾತೂ ನೆಟ್ಟಗೆ ಕೇಳಿಸದು. ಬಿರಡೆ ಇಟ್ಟುಕೊಂಡರೆ ಉಳಿದದ್ದು ಉಳಿದೀತು, ಆದರೆ ಸಿಂಬಲ್ ಪೂರ್ತಿ ಮುಳುಗಿಹೋಗುತ್ತದೆ. ತನಗೇ ಕೇಳದ ವಾದ್ಯವನ್ನು ಬಾರಿಸುವುದು ಹೇಗೆ? ಬಿಟ್ಟುಬಿಡುವುದಾದರೆ, ಸೋಮವಾರದಿಂದ ಶುಕ್ರವಾರದವರೆಗೆ ಬದುಕುವುದು ಯಾತಕ್ಕೆ? ಆ ವಾರವೆಲ್ಲ ಅವಳಿಗೆ ನಿಜವಾಗಿ ಭಯವಾಗಿತ್ತು.

ಭಾನುವಾರ ಹೋಟೆಲಿನ ಅಂಗಳದಲ್ಲಿ ಗಂಡ ವೈರು ಎಳೆಯುತ್ತಿದ್ದಾಗ ಅವಳು ಓರಗಿತ್ತಿಯ ಬಳಿ ಹೋದಳು.

"ನಿನ್ನ ದನಿ ಇಳಿದಿಲ್ಲ ಕಣೆ. ಹೋಗಿರೋದು ನನ್ನ ಕಿವಿ."

ಎಲ್ಲ ಕೇಳಿ ಓರಗಿತ್ತಿಯ ಕಣ್ಣು ತುಂಬಿತು. "ಮೊದ್ಲೇ ಹೇಳ್ಬಾರ್ದಾ ಅಕ್ಕಾ?"

"ನನಗೆ ಗೊತ್ತಿದ್ರೆ ತಾನೆ ಹೇಳೋದು! ಅಳು ಸಾಕು. ಸಿಂಬಲ್ ಹೆಚ್ಚಾದಾಗ ಕೈ ಎತ್ತು."

ಅವಳು ಬಿರಡೆ ಇಟ್ಟುಕೊಂಡು ಕೂತಳು. ಮೊದಲ ಹಾಡಿನಲ್ಲಿ ಓರಗಿತ್ತಿಯ ಕೈ ನಾಲ್ಕು ಸಲ ಮೇಲೆದ್ದಿತು. ಎರಡನೆಯದರಲ್ಲಿ ಎರಡು ಸಲ. ಪ್ರತಿಸಲವೂ ಡ್ರಮ್ಮಕ್ಕ ಕೈ ಇನ್ನಷ್ಟು ಇಳಿಸಿದಳು. ಮೂರನೆಯದು ನಿಧಾನದ ಹಾಡು. ಓರಗಿತ್ತಿಯ ಕೈ ಏಳಲೇ ಇಲ್ಲ. ಕೋಲು ತಟ್ಟೆಗೆ ತಾಗಿ ಏಳುತ್ತಿತ್ತು, ತಟ್ಟೆ ಬಿಸಿಲಲ್ಲಿ ನಡುಗುತ್ತಿತ್ತು, ಅವಳಿಗೆ ಮಾತ್ರ ಒಂದು ಪೆಟ್ಟೂ ಕೇಳಿಸಲಿಲ್ಲ. ಆದರೂ ಕೈ ಲೆಕ್ಕ ತಪ್ಪಲಿಲ್ಲ.

ಹಾಡು ಮುಗಿದಾಗ ಓರಗಿತ್ತಿ ಹಿಂದಕ್ಕೆ ಬಾಗಿ, ಕೇಳಲೆಂದು ಜೋರಾಗಿ ಹೇಳಿದಳು: "ಇದೇ ಅಕ್ಕಾ, ಇಷ್ಟೇ ಇರ್ಲಿ!"

ಆ ಇಷ್ಟು ಎಷ್ಟೆಂಬುದು ಕೈಗಾದರೂ ನೆನಪಿರಲಿ ಎಂದು, ಮುಂದಿನ ಹಾಡು ಶುರುವಾಗುವ ಮೊದಲು ಡ್ರಮ್ಮಕ್ಕ ತಟ್ಟೆಯ ಮೇಲೆ ಇನ್ನೊಮ್ಮೆ, ಅಷ್ಟೇ ಮೆಲ್ಲಗೆ, ಹೊಡೆದು ನೋಡಿದಳು.