ತಲೆಯ ಮೇಲೇ ಉಳಿದ ಸಿಂಬೆ

ಆ ದಿನ ನಾನು ಸಿಂಬೆ ಬಿಚ್ಚಲಿಲ್ಲ. ಗಾಡಿ ಬರುವುದು ಕಂಡಿತ್ತು, ಮೇಲಿನಿಂದ ಅಣ್ಣನ ಸೈಕಲ್ಲು ಇಳಿಯುವುದೂ ಕಂಡಿತ್ತು — ಆದರೂ ಬಿಚ್ಚಲಿಲ್ಲ. ಬೀಸಿದೆ ಎಂದೇ ಊರೆಲ್ಲ ನಂಬಿತು. ನಾನು ನಂಬಲು ಬಿಟ್ಟೆ.

ಇದನ್ನು ಸರಿಯಾಗಿ ಹೇಳಲು ನನಗೆ ಬರುತ್ತದೋ ಇಲ್ಲವೋ. ನಾಲ್ಕನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಿದರು. ಆಮೇಲೆ ಅಣ್ಣ ಹಾಲೇಶ ಮತ್ತು ನಾನು ಉಬ್ರಾಣಿ ಕಡೆಯ ಗುಡ್ಡದಿಂದ ಸೌದೆ ತರುತ್ತಿದ್ದೆವು. ಸೈಕಲ್ಲಿನ ಕ್ಯಾರಿಯರಿಗೆ ಒಂದು ಹೊರೆ, ನನ್ನ ತಲೆಗೊಂದು. ಇಳಿಯುವ ದಾರಿಯಲ್ಲಿ ಒಂದು ಕುರುಡು ತಿರುವು. ನಾನು ಮುಂದೆ ನಡೆದು, ಅಲ್ಲಿ ಹೊರೆ ಇಳಿಸಿ, ಬಂಡೆ ಹತ್ತಿ ಕೆಳಗೆ ನೋಡುತ್ತಿದ್ದೆ. ದಾರಿ ಖಾಲಿಯಿದ್ದರೆ ಹೊರೆಯಡಿಗೆ ಸುತ್ತಿಟ್ಟುಕೊಂಡ ಬಟ್ಟೆ, ಅದೇ ಸಿಂಬೆ, ತಲೆಯ ಮೇಲೇ ಇರುತ್ತಿತ್ತು. ಎದುರಿಗೆ ಏನಾದರೂ ಬರುತ್ತಿದ್ದರೆ ಬಿಚ್ಚಿ ಬೀಸುತ್ತಿದ್ದೆ. ತಲೆಯ ಮೇಲಿದ್ದರೆ ಬಾ, ಬೀಸಿದರೆ ನಿಲ್ಲು. ಅಣ್ಣ ರಸ್ತೆ ನೋಡಿ ಇಳಿಯುತ್ತಿರಲಿಲ್ಲ, ನನ್ನ ತಲೆ ನೋಡಿ ಇಳಿಯುತ್ತಿದ್ದ.

ಹೊರೆಯಿಲ್ಲದ ದಿನ ಅದೇ ಸೈಕಲ್ಲಿನಲ್ಲಿ ಆ ಇಳಿಜಾರನ್ನು ಅವನಿಗಿಂತ ಚೆನ್ನಾಗಿ ಇಳಿಯುತ್ತಿದ್ದವಳು ನಾನು. ತಿರುವಿನೊಳಗೆ ಬ್ರೇಕ್ ಹಿಡಿಯಬಾರದು, ಮೊದಲೇ ಹಿಡಿದು ಬಿಟ್ಟು ಒಳಕ್ಕೆ ವಾಲಬೇಕು ಎಂದು ಅವನಿಗೆ ತೋರಿಸಿಕೊಟ್ಟವಳೂ ನಾನೇ. ಹೆಮ್ಮೆಗೆ ಹೇಳುತ್ತಿಲ್ಲ. ಮುಂದಿನದಕ್ಕೆ ಈ ಮಾತು ಬೇಕು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ ಚನ್ನಗಿರಿಯ ಹುಡುಗರು ಆ ಗುಡ್ಡದಿಂದ ಸೈಕಲ್ ಇಳಿಸುವ ಪಂದ್ಯ ಇಟ್ಟರು. ಶನಿವಾರ ಟ್ರಯಲ್, ಭಾನುವಾರ ಪಂದ್ಯ. ಹೊನ್ನಾಳಿ, ನ್ಯಾಮತಿಯ ಹುಡುಗರೂ ಬಸ್ಸಿನ ಮೇಲೆ ಸೈಕಲ್ ಹೇರಿಕೊಂಡು ಬಂದರು. ಹಗುರವಾಗಲೆಂದು ಮಡ್‌ಗಾರ್ಡು, ಬೆಲ್ಲು, ಸ್ಟ್ಯಾಂಡು ಎಲ್ಲ ಬಿಚ್ಚಿ ಹಾಕಿದರು. ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ನೋಡುತ್ತಿದ್ದರು. ಗುಡ್ಡದ ಬುಡದಲ್ಲಿ ರಸ್ತೆ ತಡೆದಿದ್ದರು. ಆದರೂ ತಿರುವಿನಲ್ಲಿ ಅವರವರ ಕಡೆಯವರು ನಿಂತು ಸನ್ನೆ ಮಾಡಬೇಕೆಂದು ಮಾತಾಗಿತ್ತು.

ಶನಿವಾರ ಅಣ್ಣ ಎಲ್ಲರಿಗಿಂತ ಬೇಗ ಇಳಿದ. ಹುಡುಗರು ಮುತ್ತಿಕೊಂಡರು.

"ತಿರುವು ಹಂಗೆ ಹೊಡಿಯಾಕೆ ಎಲ್ಲಿ ಕಲ್ತ್ಯೋ ಹಾಲೇಶ?"

ನನ್ನ ಹೆಸರು ಹೇಳುತ್ತಾನೆ ಎಂದು — ಹೇಳಿಯೇ ಹೇಳುತ್ತಾನೆ ಎಂದು ನಾನು ಸೆರಗು ಸರಿಮಾಡಿಕೊಂಡು ಮುಂದೆ ಬಂದು ನಿಂತೆ.

"ನಾನೇ ಕಲ್ತೆ. ಕಲಿಸಾಕೆ ಯಾರದಾರೆ ನಮ್ಗೆ?" ಎಂದ.

ನನಗೆ ತಡೆಯಲಾಗಲಿಲ್ಲ. "ನಾನೂ ಇಳೀತೀನಿ, ಒಂದ್ಸಲ ಬಿಟ್ಟು ನೋಡ್ರಿ" ಎಂದೆ.

"ಸೌದೆ ಹೊರೆ ಸಮೇತ ಇಳೀತೀಯೇನವ್ವ?" ಎಂದ ಹೊನ್ನಾಳಿಯವನೊಬ್ಬ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. "ಹೋಗೇ ಗಂಗೀ, ಸಿಂಬೆ ಇಟ್ಕಂಡು ನಿಲ್ಲಾದು ನಿನ್ ಕೆಲ್ಸ. ಅಷ್ಟು ಮಾಡು, ಸಾಕು."

ಮರುದಿನ ಬಂಡೆಯ ಮೇಲೆ ನಿಂತಿದ್ದೆ. ಮೇಲೆ ಸೀಟಿ ಊದಿದರು — ಅಣ್ಣನ ಸರದಿ. ಅದೇ ಹೊತ್ತಿಗೆ ತಿರುವಿನ ಕೆಳಗೆ, ಯಾರೂ ತಡೆಯದೆ ಮರೆತಿದ್ದ ಕಾಡುದಾರಿಯಿಂದ, ಬಿದಿರು ಹೇರಿದ ಎತ್ತಿನಗಾಡಿಯೊಂದು ರಸ್ತೆಗೆ ಹತ್ತಿತು. ಕೈ ತಾನಾಗಿ ಸಿಂಬೆಗೆ ಹೋಯಿತು.

ಅಷ್ಟು ಮಾಡು, ಸಾಕು.

ಒಂದು ಸಲ ಹೆದರಲಿ ಎಂದುಕೊಂಡೆ. ಕೊನೇ ಗಳಿಗೆಯಲ್ಲಿ ಬ್ರೇಕ್ ಹಿಡಿದು ಜಾರಲಿ, ನಾಲ್ಕು ಜನರ ಮುಂದೆ ಮೈಗೆ ಮಣ್ಣು ಮೆತ್ತಿಕೊಳ್ಳಲಿ... ಅಷ್ಟೇ ಬಯಸಿದ್ದು. ಅಷ್ಟೇ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಕೈ ಕೆಳಗಿಳಿಸಿದೆ.

ಅಣ್ಣ ತಲೆಯೆತ್ತಿ ನನ್ನ ಕಡೆ ನೋಡಿದ. ಸಿಂಬೆ ನೋಡಿದ. ನೋಡಿ, ನಂಬಿ, ಇನ್ನಷ್ಟು ಬಗ್ಗಿ ಸೈಕಲ್ಲನ್ನು ಒಳಕ್ಕೆ ವಾಲಿಸಿದ — ನಾನು ತೋರಿಸಿಕೊಟ್ಟ ಹಾಗೆಯೇ. ಕೂಗಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನನ್ನನ್ನು ದಾಟಿ ಹೋಗಿದ್ದ.

ಗಾಡಿಯ ಚಕ್ರಕ್ಕೆ ಬಡಿದು ಅವನ ಮಂಡಿ ಒಡೆದಿತ್ತು. ಆಸ್ಪತ್ರೆಯಲ್ಲಿ ಅವ್ವ ನನ್ನ ರಟ್ಟೆ ಹಿಡಿದು, "ನೀ ಬೀಸಿದ್ಯೋ ಇಲ್ಲೇನೇ?" ಎಂದು ಅಲುಗಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಮಂಚದಿಂದ ಅಣ್ಣನ ದನಿ ಬಂತು. "ಬೀಸಿದ್ಲವ್ವಾ. ನಾನೇ ನೋಡ್ಲಿಲ್ಲ."

ಅವನು ನೋಡಿದ್ದ. ನನಗೆ ಗಾಡಿ ಕಾಣಿಸಲಿಲ್ಲವೇನೋ ಎಂದು ತಿಳಿದು ಕಾಪಾಡಿದನೋ, ಎಲ್ಲ ತಿಳಿದೂ — ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಆ ಕಾಲು ಮತ್ತೆ ಮಡಿಸಲು ಬರಲಿಲ್ಲ. ಪೆಡಲು ತುಳಿಯುವುದು ಮುಗಿಯಿತು. ಚನ್ನಗಿರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟು, ಕಾಲು ಮುಂದೆ ಚಾಚಿ ಕೂತು, ಬೇರೆಯವರು ತುಳಿಯುವ ಸೈಕಲ್ಲುಗಳಿಗೆ ಗಾಳಿ ತುಂಬಿಸತೊಡಗಿದ. ನನ್ನನ್ನು ಜಗಳೂರಿಗೆ ಕೊಟ್ಟರು. ಬಯಲು ಸೀಮೆ, ಕಣ್ಣು ಹಾಯುವವರೆಗೂ ನೇರ ರಸ್ತೆ. ಅಲ್ಲಿ ಮರೆಯಬಹುದು ಎಂದುಕೊಂಡಿದ್ದೆ. ತಲೆಗೆ ಕೊಡ ಇಡಲು ಸಿಂಬೆ ಸುತ್ತಬೇಕಲ್ಲ, ದಿನಾ.

ಮಗಳಿಗೆ ಎಂಟು ತುಂಬಿದ ಬೇಸಿಗೆಯಲ್ಲಿ ಅವಳನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಅಣ್ಣ ಅವಳಿಗೊಂದು ಸಣ್ಣ ಸೈಕಲ್ಲು ಕೊಟ್ಟು, ಅಂಗಡಿ ಮುಂದೆ ಕೂತಲ್ಲಿಂದಲೇ ಕಲಿಸುತ್ತಿದ್ದ. "ದಾರಿ ನೋಡ್ಕಂಡು ತುಳಿಯವ್ವ. ನಿಮ್ಮವ್ವ ಸಿಂಬೆ ಬೀಸಿದ್ರೂ ನೋಡ್ದೆ ಹೋದೋನು ನಾನು. ಈ ಕಾಲು ನೋಡು, ಹಿಂಗಾಗತೈತೆ" ಎಂದು ನಗುತ್ತಾ ಮಂಡಿ ತಟ್ಟಿದ.

ಮಗಳು ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನಾನು ಒಳ್ಳೆಯವಳಾಗಿದ್ದೆ — ಅಣ್ಣನ ಸುಳ್ಳಿನಿಂದ, ಅವನ ಕಾಲಿನಿಂದ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇರಲಿ ಎಂದು ಅವರೆದುರಿಗೇ, ಮಗಳೆದುರಿಗೇ, ಅವನ ಚಾಚಿದ ಕಾಲಿನ ಹತ್ತಿರ ನೆಲಕ್ಕೆ ಕೂತೆ.

"ಅಣ್ಣಾ, ನಾನು ಬೀಸ್ಲಿಲ್ಲ. ಗಾಡಿ ಕಂಡಿತ್ತು. ಬೇಕಂತ್ಲೇ ಬೀಸ್ಲಿಲ್ಲ. ನನ್ ತಪ್ಪು ಅಣ್ಣಾ, ನಂದೇ ತಪ್ಪು."