ನೂರು ಮುಟ್ಟದ ನೀರು

ಮೊನ್ನೆ ಶಾಲೆಯ ಪ್ರಯೋಗಾಲಯದ ಬೀರು ತೆಗೆದು ಒರೆಸುತ್ತಿದ್ದೆ. ಹಿಂದಿನ ಸಾಲಿನ ಬೀಕರುಗಳ ನಡುವೆ ಗೇಣಿಗಿಂತ ಉದ್ದದ ಮರದ ಕೊಳವೆ ಕೈಗೆ ಸಿಕ್ಕಿತು. ಹಳದಿ ಬಣ್ಣ, ನಡುವೆ ಒಂದು ಕೆಂಪು ಪಟ್ಟಿ. ಪಟ್ಟಿ ಸೊಟ್ಟಗಿದೆ. ಇಷ್ಟು ಸೊಟ್ಟ ಪಟ್ಟಿಯ ಸಾಮಾನನ್ನು ಚನ್ನಪಟ್ಟಣದ ಯಾವ ಅಂಗಡಿಯವರೂ ಮುಂದಿನ ಸಾಲಿನಲ್ಲಿ ಇಡುವುದಿಲ್ಲ. ಸೆರಗಿನಿಂದ ಧೂಳು ಉಜ್ಜಿದೆ. ಉಜ್ಜಿದ ಕಡೆ ಬೆಚ್ಚಗಾಗಿ ಅರಗಿನ ವಾಸನೆ ಬಂತು. ಅಷ್ಟೇ... ಕೈಯಲ್ಲಿದ್ದ ಒರೆಸುವ ಬಟ್ಟೆ ಬಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಅದನ್ನು ಕೊಟ್ಟವರು ನಮ್ಮ ತರಬೇತಿಯ ಮೇಷ್ಟ್ರು. ಚನ್ನಪಟ್ಟಣದ ಗೊಂಬೆ ಮಾಡುವ ಮುಸ್ಲಿಂ ಮನೆತನದವರು. ಅಣ್ಣ ಮರ ಕಡೆಯುವ ಲೇತಿನ ಮುಂದೆ ಕೂತರೆ ತಮ್ಮ ಕರಿಹಲಗೆಯ ಮುಂದೆ ನಿಂತರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾ, ವರ್ಷಕ್ಕೊಮ್ಮೆ ನಮ್ಮಂಥ ಶಿಕ್ಷಕರಿಗೂ ಕಲಿಸಲು ಬರುತ್ತಿದ್ದರು. ಆ ವರ್ಷ ರಾಮನಗರದ ಒಂದು ಹೈಸ್ಕೂಲಿನಲ್ಲಿ ನಡೆದ ತರಬೇತಿಯ ವಿಷಯ ಶಕ್ತಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕೂ ತಾಲ್ಲೂಕಿನ ವಿಜ್ಞಾನ ಶಿಕ್ಷಕರು ಬಂದಿದ್ದರು.

ತರಬೇತಿ ಎಂದರೆ ಏನೆಂದು ಶಿಕ್ಷಕರಾದವರಿಗೆ ಹೇಳಬೇಕಿಲ್ಲ. ಸಹಿ ಹಾಕು, ಉಪ್ಪಿಟ್ಟು ತಿನ್ನು, ದೀಪ ಆರಿಸಿ ಪರದೆಯ ಮೇಲೆ ಏನೋ ತೋರಿಸುವಾಗ ಆಕಳಿಸು. ನಾನು ಮಾತ್ರ ಆಕಳಿಸುವ ಸ್ಥಿತಿಯಲ್ಲಿ ಇರಲಿಲ್ಲ. ಕೈಲಾಂಚ ಕಡೆಯ ಹೈಸ್ಕೂಲಿಗೆ ಹೊಸದಾಗಿ ಸೇರಿದ್ದೆ. ಓದಿದ್ದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಎಲೆ, ಬೇರು, ಕಪ್ಪೆ ಎಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಪಾಠ ಮಾಡುತ್ತಿದ್ದೆ. ವಿದ್ಯುತ್ತು, ಶಕ್ತಿ ಎಂಬ ಪಾಠಗಳು ಬಂದರೆ, ಮಕ್ಕಳು ಎಲ್ಲಿ ಪ್ರಶ್ನೆ ಕೇಳಿಬಿಡುತ್ತಾರೋ ಎಂದು ಪುಸ್ತಕವನ್ನು ಸಾಲು ಸಾಲಾಗಿ ಓದಿ ಮುಗಿಸುತ್ತಿದ್ದೆ. ಕೊನೆಗೆ ಹೆಡ್‌ಮಾಸ್ಟರ ಹತ್ತಿರ ಹೋಗಿ, ಭೌತಶಾಸ್ತ್ರದ ಪಾಠಗಳನ್ನೆಲ್ಲ ಗಣಿತದವರಿಗೆ ಕೊಟ್ಟುಬಿಡಿ ಸಾರ್ ಎಂದು ಕೇಳಿಕೊಂಡಿದ್ದೆ. ತರಬೇತಿ ಮುಗಿಸಿ ಬನ್ನಿ, ಆಮೇಲೂ ಬೇಡ ಎಂದರೆ ಕೊಡೋಣ ಎಂದಿದ್ದರು. ಬೇಡ ಎನ್ನಲು ತಯಾರಾಗಿಯೇ ಬಸ್ಸು ಹತ್ತಿದ್ದೆ.

ಮೇಷ್ಟ್ರು ಮೊದಲ ದಿನವೇ ಪರದೆ ಸುತ್ತಿಡಿಸಿದರು. ಗ್ಯಾಸ್ ಒಲೆ, ಕರೆಂಟಿನ ಕಾಯಿಲ್, ಸೌದೆ ಒಲೆ, ಸೀಮೆಎಣ್ಣೆ ಸ್ಟೌ ತರಿಸಿ ಶಾಲೆಯ ಹಿಂದಿನ ಜಗುಲಿಯಲ್ಲಿ ಜೋಡಿಸಿದರು. ಪಕ್ಕದ ಬೀದಿಯಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆ ಎಂದಿನಂತೆ ಬರುತ್ತಿತ್ತು. ಒಂದೊಂದು ಗುಂಪಿಗೆ ಒಂದೊಂದು ಒಲೆ, ಒಂದು ಪಾತ್ರೆ ನೀರು, ಒಂದು ಥರ್ಮಾಮೀಟರು. ನೀರು ಕುದಿಯಲು ಯಾವ ಒಲೆ ಎಷ್ಟು ಶಕ್ತಿ ತಿನ್ನುತ್ತದೆ ಎಂದು ಲೆಕ್ಕ ಹಾಕಬೇಕು. ಅದಕ್ಕೆ ಆರಂಭದ ಉಷ್ಣತೆ, ಕುದಿಯುವಾಗಿನ ಉಷ್ಣತೆ ಎರಡನ್ನೂ ಬರೆಯಬೇಕು.

ನನ್ನ ಜೊತೆಗೆ ಬಿದ್ದವರು ಮಾಗಡಿ ಕಡೆಯ ತಿಪ್ಪಸಂದ್ರದ ಸರ್. ಗಣಿತ, ಭೌತಶಾಸ್ತ್ರ ಓದಿದವರು. ಜೋರು ಮನುಷ್ಯ. ನೀರು ತಳತಳ ಕುದಿಯತೊಡಗಿತು. ನಾನು ಬಗ್ಗಿ ನೋಡುತ್ತಿದ್ದೆ. ಪಾದರಸ ತೊಂಬತ್ತೇಳು ದಾಟಿತು, ಇನ್ನರ್ಧ ಡಿಗ್ರಿ ಏರಿ ನಿಂತಿತು. ಎಷ್ಟು ಕಾದರೂ ಮೇಲಕ್ಕೆ ಹೋಗಲಿಲ್ಲ. ಹಾಗೆಯೇ ಬರೆದೆ.

"ಏನ್ ಮೇಡಂ ಇದು? ನೂರು ಅಂತ ಬರೀರಿ. ನೀರು ಕುದಿಯೋದು ನೂರಕ್ಕೇ ಅಲ್ವಾ?" ಎಂದರು ತಿಪ್ಪಸಂದ್ರದ ಸರ್. ಅವರು ಥರ್ಮಾಮೀಟರಿನ ಕಡೆ ತಿರುಗಿಯೂ ನೋಡಿರಲಿಲ್ಲ. ನನಗೋ, ತಪ್ಪು ನನ್ನದೇ ಇರಬೇಕು ಅನಿಸಿತು. ಹೊಡೆದುಹಾಕಲು ಪೆನ್ನು ಊರಿದ್ದೆ. ಹಿಂದಿನಿಂದ ಮೆಲ್ಲಗೆ ಒಂದು ದನಿ ಬಂತು.

"ನಿಮ್ ಕಣ್ಣಿಗೆ ಎಷ್ಟು ಕಾಣ್ತು ಅಮ್ಮ?"

ಮೇಷ್ಟ್ರು. ತೊಂಬತ್ತೇಳೂವರೆ ಎಂದೆ, ಗಂಟಲೊಳಗೇ.

"ಹಂಗೇ ಇರ್ಲಿ. ಹೊಡೆದಾಕಬ್ಯಾಡಿ."

ಆಮೇಲೆ ಎಲ್ಲ ಗುಂಪುಗಳ ಉತ್ತರವನ್ನೂ ಬೋರ್ಡಿನ ಮೇಲೆ ಬರೆದರು. ನೂರು, ನೂರು, ನೂರು... ಸಾಲಿನ ಮಧ್ಯೆ ನಮ್ಮದೊಂದು ತೊಂಬತ್ತೇಳೂವರೆ. ಕೋಣೆಯಲ್ಲೆಲ್ಲ ನಗು. "ಅದು ಸಸ್ಯಶಾಸ್ತ್ರದವರ ನೀರು ಸಾರ್, ಬೇಗ ಕುದಿಯುತ್ತೆ" ಎಂದು ತಿಪ್ಪಸಂದ್ರದ ಸರ್ ಕೈ ತೊಳೆದುಕೊಂಡರು. ನನಗೆ ಅಳು ಬಂದಿತ್ತು, ಕೋಪವೂ ಬಂದಿತ್ತು. ಮೇಷ್ಟ್ರು ನಗಲಿಲ್ಲ, ಗದರಲೂ ಇಲ್ಲ. ಎಲ್ಲರನ್ನೂ ಒಂದೇ ಒಲೆಯ ಸುತ್ತ ಕರೆದು, ಇದ್ದ ಥರ್ಮಾಮೀಟರುಗಳನ್ನೆಲ್ಲ ಒಂದೇ ಪಾತ್ರೆಗೆ ಇಳಿಬಿಡಿಸಿದರು. ಒಂದೂ ನೂರು ಮುಟ್ಟಲಿಲ್ಲ.

"ಎಲ್ಲಾ ಒಂದೇ ಕಂಪನಿ ಮಾಲು ಸಾರ್, ಎಲ್ಲಾ ಕೆಟ್ಟೋಗವೆ" ಎಂದರು ಕನಕಪುರದವರೊಬ್ಬರು.

"ಆಯ್ತು. ಮಂಗಳೂರಿಗೆ ಹೋಗೋ ಬಸ್ಸು ಹತ್ತತದೋ, ಇಳೀತದೋ ಸರ್?" ಎಂದು ಮೇಷ್ಟ್ರು ಕೇಳಿದರು.

"ಇಳೀತದೆ, ಘಾಟಿಯಲ್ಲಿ."

"ಹಂಗಾದ್ರೆ ನಾವೀಗ ಎಲ್ಲಿದೀವಿ?"

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ, ಇದನ್ನು ಅಲ್ಲಿದ್ದವರೆಲ್ಲರೂ ವರ್ಷವರ್ಷವೂ ಪಾಠ ಮಾಡಿದ್ದರು. ಉದಾಹರಣೆಗೆ ಹಿಮಾಲಯವನ್ನೇ ಕೊಡುತ್ತಿದ್ದೆವು. ನಾವು ನಿಂತ ನೆಲವೇ ಸಮುದ್ರಕ್ಕಿಂತ ಎಷ್ಟೋ ಎತ್ತರದಲ್ಲಿದೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಓದದವರು ಈ ತಪ್ಪು ಮಾಡುತ್ತಿರಲಿಲ್ಲ ಬಿಡಿ, ಥರ್ಮಾಮೀಟರಿನಲ್ಲಿ ಕಂಡದ್ದನ್ನು ಹೇಳುತ್ತಿದ್ದರು. ಉತ್ತರ ಮೊದಲೇ ಗೊತ್ತಿರುವ ವಿಜ್ಞಾನದ ಮೇಷ್ಟರುಗಳಿಗೆ ಮಾತ್ರ ಹೀಗೆ ಕಣ್ಣು ಮುಚ್ಚಿ ಬರೆಯಲು ಬರುತ್ತದೆ. "ಪುಸ್ತಕ ಸುಳ್ಳಲ್ಲ. ಅದು ಸಮುದ್ರದ ಪಕ್ಕದ ಲೆಕ್ಕ, ಅಷ್ಟೇ" ಎಂದರು ಮೇಷ್ಟ್ರು. ತಿಪ್ಪಸಂದ್ರದ ಸರ್ ತಲೆ ಕೆರೆದುಕೊಂಡು, "ನಮ್ ಮಾಗಡಿ ಇನ್ನೂ ಎತ್ತರ, ಅಲ್ಲಿ ಇನ್ನೂ ಕಮ್ಮಿ ಇರ್ಬೇಕು" ಎಂದರು. ಆ ಸಂಜೆ ಒಂದು ಥರ್ಮಾಮೀಟರು ಕೇಳಿ ಪಡೆದು ಊರಿಗೆ ಒಯ್ದರು. ಬೆಳಿಗ್ಗೆ ಬಂದವರೇ, ಕಮ್ಮಿಯೇ ಇತ್ತು ಎಂದು ಎಲ್ಲರಿಗೂ ಸಾರಿದರು.

ಮರುದಿನ ಊಟದ ಹೊತ್ತಿಗೆ ಮೇಷ್ಟ್ರ ಹತ್ತಿರ ಹೋಗಿ ನನ್ನ ಕಥೆಯನ್ನೆಲ್ಲ ಹೇಳಿದೆ. ಕೇಳುತ್ತಾ ಕ್ಯಾರಿಯರ್ ಮುಚ್ಚಿದರು.

"ಬಿಟ್ಕೊಡಿ, ಬ್ಯಾಡ ಅನ್ನಲ್ಲ. ಆದ್ರೆ ಹೆದರ್ಕೊಂಡು ಬಿಟ್ಕೊಡಬ್ಯಾಡಿ. ಕೊನೇ ದಿನ ಇಲ್ಲಿನ ಮಕ್ಕಳಿಗೆ ಒಂದು ಪಾಠ ಆಗ್ಬೇಕು. ಅದನ್ನ ನೀವೇ ಮಾಡಿ. ಆಮೇಲೆ ತೀರ್ಮಾನ ಮಾಡುವ್ರಂತೆ."

ನೂರು ಹೇಳದ ಒಬ್ಬಳೇ ಒಬ್ಬಳು ನೀವು ಎಂದು ಹೊಗಳಿಯಾರು ಎಂದುಕೊಂಡಿದ್ದೆ. ಊಹೂಂ. ಪಾಠಕ್ಕೆ ಏನು ಬೇಕೋ ಅದನ್ನಷ್ಟೇ ಕೇಳಿದರು.

ಕೊನೆಯ ದಿನ ಮನೆಯಿಂದ ಒಂದು ಹಳೇ ಕೈಲೇತು ಹೊತ್ತು ತಂದಿದ್ದರು, ಬಿಲ್ಲೆಳೆದು ತಿರುಗಿಸುವಂಥದ್ದು. ಎದುರಿಗೆ ಒಂಬತ್ತನೇ ತರಗತಿಯ ಮಕ್ಕಳು, ಹಿಂದಿನ ಬೆಂಚುಗಳಲ್ಲಿ ಕೈ ಕಟ್ಟಿ ಕೂತ ಶಿಕ್ಷಕರು. ಒಂದು ಮಗು ಬಿಲ್ಲೆಳೆಯಿತು, ಹಳದಿ ಬಳಿದ ಕೊಳವೆ ಗಿರ್ರನೆ ತಿರುಗಿತು, ನಾನು ಕೆಂಪು ಅರಗಿನ ಕಡ್ಡಿ ಒತ್ತಿ ಹಿಡಿದೆ. ಕಡ್ಡಿ ಜಾರಿ ಪಟ್ಟಿ ಸೊಟ್ಟಗಾಯಿತು. ಆದರೂ ಬೆಂಕಿಯಿಲ್ಲದೆ ಅರಗು ಕರಗಿ ಮರಕ್ಕೆ ಹತ್ತಿತು. ಕೈಯ ಶಕ್ತಿ ತಿರುಗಾಟವಾಗಿ, ತಿರುಗಾಟ ಉಜ್ಜಾಟದಲ್ಲಿ ಬಿಸಿಯಾಗಿ... ನನ್ನ ಬಾಯಿಂದ ಸರಾಗ ಬರುತ್ತಿದೆಯಲ್ಲ ಎಂದು ನಾನೇ ಬೆರಗಾದೆ. ಆಗ ಹೊಂಗನೂರಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತಳು.

"ಮಿಸ್, ಕರಗಿದ್ಮೇಲೆ ಆ ಬಿಸಿ ಎಲ್ಲೋಯ್ತು?"

ನಾನು ಇಷ್ಟು ದಿನ ಹೆದರಿದ್ದೇ ಇಂಥ ಪ್ರಶ್ನೆಗೆ. ಪುಸ್ತಕದ ವಾಕ್ಯ ಒಂದೂ ನೆನಪಾಗಲಿಲ್ಲ. ಹಿಂದಿನ ಬೆಂಚಿನ ಕತ್ತುಗಳು ಉದ್ದವಾದವು. ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಿದ್ದರು, ನೆರವಿಗೆ ಬರುವ ಲಕ್ಷಣವೇ ಇಲ್ಲ. "ಬಾ, ಮುಟ್ಟಿ ನೋಡು" ಎಂದುಬಿಟ್ಟೆ. ಮುಟ್ಟಿದಳು. ಬಿಸಿ ಐತೆ ಎಂದಳು. ಸ್ವಲ್ಪ ಹೊತ್ತು ಕಾದು ಮತ್ತೆ ಮುಟ್ಟಿಸಿದೆ. ಕಮ್ಮಿಯಾಗಿತ್ತು. "ಹಾಗಾದರೆ ಎಲ್ಲಿಗೆ ಹೋಗಿರಬೇಕು?" ಎಂದು ಕೇಳಿದೆ. ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು.

"ಒಸಿ ನನ್ ಕೈಗೆ ಬಂತು ಮಿಸ್. ಮಿಕ್ಕಿದ್ದು ಗಾಳಿಗೆ ಹೋಯ್ತು."

ಶಕ್ತಿ ನಾಶವಾಗುವುದಿಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ನಾನಂತೂ ಯಾವ ಪುಸ್ತಕದಲ್ಲೂ ಓದಿಲ್ಲ. ತಿಪ್ಪಸಂದ್ರದ ಸರ್ ಮೊದಲು ಚಪ್ಪಾಳೆ ತಟ್ಟಿದರು. ಸೋಮವಾರ ಶಾಲೆಗೆ ಹೋದವಳೇ ಹೆಡ್‌ಮಾಸ್ಟರಿಗೆ, ಭೌತಶಾಸ್ತ್ರ ನನ್ನ ಹತ್ತಿರವೇ ಇರಲಿ ಸಾರ್ ಎಂದೆ. ಇವತ್ತಿನವರೆಗೂ ಬೇರೆ ಯಾರಿಗೂ ಕೊಟ್ಟಿಲ್ಲ. ಯಾರಾದರೂ ಕೇಳಿದರೆ ಜಗಳಕ್ಕೇ ನಿಲ್ಲುತ್ತೇನೆ.

ಕೆಲವು ವಾರಗಳ ನಂತರ ಯಾರದೋ ಕೈಯಲ್ಲಿ ಮೇಷ್ಟ್ರು ಈ ಕೊಳವೆ ಕಳಿಸಿದರು. ಒಳಗೆ ಹತ್ತಿ ಸುತ್ತಿದ ಥರ್ಮಾಮೀಟರು. ನಾನು ಅರಗು ಹಚ್ಚಿದ ಅದೇ ಮರ. ನಮ್ಮ ಶಾಲೆಗೆ ಒಮ್ಮೆ ಕರೆಸಬೇಕು, ನನ್ನ ಮಕ್ಕಳು ಕೇಳುವ ಪ್ರಶ್ನೆಗಳನ್ನು ಅವರು ಕೇಳಿಸಿಕೊಳ್ಳಬೇಕು ಎಂದು ವರ್ಷವರ್ಷವೂ ಅಂದುಕೊಂಡೆ. ಪರೀಕ್ಷೆ, ಚುನಾವಣೆ, ಗಣತಿ... ಒಂದು ಬೆಳಿಗ್ಗೆ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಚನ್ನಪಟ್ಟಣಕ್ಕೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಅಣ್ಣ ನನ್ನನ್ನು ಕೂರಿಸಿ, ನಾನು ಯಾರೆಂದು ತಿಳಿದ ಮೇಲೆ ಹೇಳಿದರು.

"ಆ ಕೆಂಪು ಪಟ್ಟಿ ಕೆರೆದು ನೆಟ್ಟಗೆ ಮಾಡಿಕೊಡ್ತೀನಿ ಅಂದೆ ಕಣಮ್ಮ. ಬುಡ್ಲಿಲ್ಲ ಅವ್ನು. ಹಂಗೇ ಇರ್ಲಿ ಅಂದ."

ಅಲ್ಲಿ ತಡೆದುಕೊಂಡೆ. ಬಸ್ಸಿನಲ್ಲಿ ಆಗಲಿಲ್ಲ.

ಈಗ ತರಬೇತಿಗಳಲ್ಲಿ ಹೇಳಿಕೊಡಲು ನನ್ನನ್ನೇ ಕರೆಯುತ್ತಾರೆ. ನಾಳೆ ಕನಕಪುರದಲ್ಲಿ ಶಕ್ತಿಯದೇ ಪಾಠ, ಶಿಕ್ಷಕರಿಗೆ. ಅದಕ್ಕೇ ಬೀರು ತೆಗೆದದ್ದು. ಕೊಳವೆಯನ್ನು ಮನೆಗೆ ತಂದೆ. ಇವತ್ತು ಸಂಜೆ ಟೀಗೆ ನೀರಿಟ್ಟು, ಕುದಿಯತೊಡಗಿದ ಮೇಲೆ ಮೇಷ್ಟ್ರ ಥರ್ಮಾಮೀಟರು ಇಳಿಬಿಟ್ಟು ಬಗ್ಗಿ ನೋಡಿದೆ. ಪಾದರಸ ಏರಿ, ಹಳೇ ಗೆರೆಗೇ ಬಂದು ನಿಂತಿತು. ಬೆನ್ನ ಹಿಂದೆ ಯಾರೂ ಇರಲಿಲ್ಲ, ಎಷ್ಟು ಕಾಣ್ತು ಅಮ್ಮ ಎಂದು ಕೇಳುವವರು ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ಕಾದೆ. ಆಮೇಲೆ ತೊಂಬತ್ತೇಳೂವರೆ ಮೇಷ್ಟ್ರೇ ಎಂದೆ, ಈ ಸಲ ಜೋರಾಗಿ.