ಮೈಕಿನ ಕಾಕಾ ಮುಂಬೈಗೆ ಕಳಿಸಿದ ಮತ

ಮೊನ್ನೆ ನೀವು ಮೂವರೂ ಟಿವಿಯ ಮುಂದೆ ಕುಳಿತು ಹಾಡಿನ ಪ್ರಶಸ್ತಿಯ ಕಾರ್ಯಕ್ರಮ ನೋಡುತ್ತಿದ್ದಿರಿ. ನಾನು ಹಿಂದೆ ಕುಳಿತು ರವಿಕೆಗೆ ಹುಕ್ಕು ಹಚ್ಚುತ್ತಿದ್ದೆ. ಪಿನ್ನು ಬೇಕಾಗಿ ತಗಡಿನ ಸಣ್ಣ ಡಬ್ಬಿ ತೆಗೆದಾಗ ಕಬ್ಬಿಣದ ಮತ್ತು ಯಂತ್ರದ ಎಣ್ಣೆಯ ವಾಸನೆ ಬಂತು. ಇಷ್ಟು ವರ್ಷವಾದರೂ ಅದು ಹೋಗಿಲ್ಲ. ಅದು ಗ್ರಾಮಫೋನಿನ ಮುಳ್ಳಿನ ಡಬ್ಬಿ. ಅಷ್ಟರಲ್ಲಿ ಸಣ್ಣವಳು ಫೋನು ನನ್ನ ಕೈಗಿಟ್ಟು, “ಅಜ್ಜಿ, ನಿನಗ ಯಾವ ಹಾಡು ಸೇರ್ತೈತಿ, ಅದನ್ನ ಒತ್ತು, ಮತ ಹೋಗ್ತೈತಿ” ಎಂದಳು. ನಾನು ಒತ್ತದೆ ಹಾಗೇ ಕುಳಿತೆ. ಅಜ್ಜಿಗೆ ಫೋನು ತಿಳಿಯುವುದಿಲ್ಲ ಎಂದು ನೀವು ನಕ್ಕಿರಿ. ಕಾರಣ ಅದಲ್ಲ. ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ.

ಆ ಡಬ್ಬಿ ಮೈಕಿನ ಕಾಕಾನದು. ನಾನು ಮದುವೆಯಾಗಿ ಹಾನಗಲ್ಲಿಗೆ ಬಂದಾಗ ನಮ್ಮ ಮನೆಯ ಎದುರಿಗೇ ಅವರ ಮೈಕ್‌ಸೆಟ್ಟಿನ ಅಂಗಡಿ ಇತ್ತು. ಹುಲಗೂರಿನವರು. ಉದ್ದ ಕೊರಳು, ತಲೆಗೆ ಬಿಳಿ ಟೋಪಿ, ಸದಾ ಒಗೆದ ಅಂಗಿ. ಮದುವೆ, ಕುಬುಸ, ತೊಟ್ಟಿಲು, ಯಾವುದೇ ಇದ್ದರೂ ಎರಡು ಸ್ಪೀಕರು, ಒಂದು ಯಂತ್ರ, ಒಂದು ಪೆಟ್ಟಿಗೆ ರಿಕಾರ್ಡು ಚಕ್ಕಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಹಾಡಿಗಿಂತ ಹೆಚ್ಚಾಗಿ ಮಂದಿ ಅವರ ಮಾತಿಗೆ ಕಾಯುತ್ತಿದ್ದರು. ಹಾಡು ಹಚ್ಚುವ ಮೊದಲು ಮೈಕು ಹಿಡಿದು, “ಕೇಳ್ರೀ ಬೀಗರ, ಕೈಯಾಗಿನ ಬುಂದೇದ ಉಂಡಿ ಕೆಳಗಿಡ್ರಿ, ಇಲ್ಲಾಂದ್ರ ಕುಣಿಯೂಮುಂದ ಉಳ್ಳತೈತಿ” ಎಂದು ಶುರು ಮಾಡಿದರೆ ಚಪ್ಪರವೆಲ್ಲ ನಗುತ್ತಿತ್ತು.

ಕಾಕಾನಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ರಿಕಾರ್ಡುಗಳನ್ನು ಹೊದಿಕೆಯ ಬಣ್ಣ, ಹರಿದ ಮೂಲೆ, ಗೀರು ನೋಡಿ ಗುರುತು ಹಿಡಿಯುತ್ತಿದ್ದರು. ಚಪ್ಪರದಲ್ಲಿ ಯಾರಾದರೂ “ಇನ್ನೊಮ್ಮಿ ಹಚ್ಚರಿ ಕಾಕಾ” ಎಂದು ಕೂಗಿದರೆ ಆ ಹೊದಿಕೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಯಾವ ಹಾಡು ಎಷ್ಟು ಮಂದಿಗೆ ಸೇರಿತು ಎನ್ನುವುದಕ್ಕೆ ಅದೇ ಅವರ ದಾಖಲೆ.

ಮುಂಬೈಯಲ್ಲಿ ರಿಕಾರ್ಡು ಮಾಡುವವರೆಲ್ಲ ಕೂಡಿ ವರ್ಷದ ಉತ್ತಮ ಹಾಡುಗಳಿಗೆ ಪ್ರಶಸ್ತಿ ಕೊಡುತ್ತಾರೆ, ಪ್ರತಿ ಭಾಷೆಗೂ ಒಂದು, ಕೇಳುಗರು ತಮ್ಮ ಭಾಷೆಯಲ್ಲೇ ಕಾರ್ಡು ಬರೆದು ಮತ ಕಳಿಸಬಹುದು ಎಂದು ಒಂದು ವರ್ಷ ರೇಡಿಯೋದಲ್ಲಿ ಹೇಳಿದರು. ಕಾರ್ಡಿಗೆ ಒಂದೇ ಹಾಡು. ಕಾಕಾ ಅದನ್ನು ಬಹಳ ಗಟ್ಟಿಯಾಗಿ ಹಿಡಿದರು. ಬೇರೆಯವರು ತಮ್ಮೊಬ್ಬರ ಮತ ಕಳಿಸುತ್ತಾರೆ, ತಾನು ನಾಲ್ಕು ತಾಲೂಕಿನ ಮತ ಕಳಿಸುತ್ತೇನೆ ಎಂದು ಅವರ ಲೆಕ್ಕ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಅವರ ಸ್ಪೀಕರು ಕಟ್ಟದ ಊರು ಇರಲಿಲ್ಲ.

ಕಾರ್ಡು ಬರೆಯಲು ನನ್ನನ್ನು ಕೇಳಿದರು. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು, ಅಕ್ಷರ ದುಂಡಗಿದ್ದವು. “ನಮ್ಮ ಸೊಸಿ ಮಾತು ಕಡಿಮಿ, ಬರಿಯೂದು ಛಲೋ ಬರೀತಾಳ” ಎಂದು ಅತ್ತೆಯೇ ಹೇಳಿದ್ದರು. ಕಾಕಾ ಹೊರಗೆ ಕಟ್ಟೆಯ ಮೇಲೆ ಕುಳಿತರು, ನಾನು ಬಾಗಿಲ ಹಿಂದೆ. ಎರಡು ರಿಕಾರ್ಡುಗಳನ್ನು ಹೊಸ್ತಿಲ ಮೇಲಿಟ್ಟರು.

ಒಂದಕ್ಕೆ ಅವರು ಸಿಳ್ಳಿ ಹಾಡು ಎನ್ನುತ್ತಿದ್ದರು. ನಡುವೆ ಡೋಲಕ್ಕು ಜೋರಾಗಿ ಸಿಳ್ಳು ಬರುವ ಹಾಡು. ಅದರ ಹೊದಿಕೆ ಗೆರೆಗಳಿಂದ ಕಪ್ಪಾಗಿತ್ತು. ಇನ್ನೊಂದು ನೀರಿನ ಹಾಡು. ನೀರಿಗೆ ಹೋದ ಹುಡುಗಿ ಬಾವಿಯ ಹತ್ತಿರ ತಡ ಮಾಡುವ ಕತೆ, ಒಬ್ಬ ಹೆಣ್ಣುಮಗಳ ದನಿ, ಹಿಂದೆ ಬರೀ ತಂಬೂರಿ. ಒಂದು ಕಡೆ ಆಕೆ ಹಾಡು ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದು ಕೂಡ ಕೇಳಿಸುತ್ತಿತ್ತು. ಅದರ ಮೇಲೆ ಮೂರೇ ಗೆರೆ.

“ನೀರಿನ ಹಾಡು ಸುಮ್ನ ತಂದೇನಿ ತಂಗಿ, ಗೆರಿ ಎಷ್ಟು ಫರಕ್ ಐತಿ ನಿಮಗ ತಿಳೀಲಿ ಅಂತ. ಸಿಳ್ಳಿ ಹಾಡಿನ ಹೆಸರು ಬರೀರಿ” ಎಂದರು.

ನನಗೆ ಹಿಂದಿನ ವಾರದ ಮದುವೆ ನೆನಪಾಯಿತು. ನಾವು ಹೆಂಗಸರೆಲ್ಲ ಹಿತ್ತಲಲ್ಲಿ ಹೋಳಿಗೆ ಲಟ್ಟಿಸುತ್ತಿದ್ದೆವು. ನೀರಿನ ಹಾಡು ಬಂತು. ಆಕೆ ಉಸಿರು ತೆಗೆದುಕೊಂಡ ಜಾಗದಲ್ಲಿ ಎಲ್ಲರ ಲಟ್ಟಣಿಗೆಗಳೂ ನಿಂತವು. ಹಂಚಿನ ಮೇಲಿನದು ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ. ಹಾಡು ಎಂದರೆ ಮೂಗು ಮುರಿಯುವ ನಮ್ಮ ಅತ್ತೆ, “ತಡೀರೆ, ಮುಗೀಲಿ” ಎಂದರು. ಮುಗಿದ ಮೇಲೆ ಒಬ್ಬಾಕೆ, “ಯಾರರ ಹೋಗಿ ಇನ್ನೊಮ್ಮಿ ಹಚ್ಚಂತ ಹೇಳ್ರೆವಾ” ಎಂದಳು.

“ನೀನ ಹೋಗು. ನಿನ್ನ ಗಂಡ ಅಲ್ಲೇ ಮುಂದ ಕುಂತು ಸಿಳ್ಳಿ ಹಾಡಿಗೆ ಬಾಯಿ ಮಾಡಾಕತ್ತಾನ” ಎಂದಳು ಇನ್ನೊಬ್ಬಾಕೆ.

ಎಲ್ಲರೂ ನಕ್ಕರು. ಯಾರೂ ಹೋಗಲಿಲ್ಲ. ಗಂಡಸರ ಚಪ್ಪರಕ್ಕೆ ಹೋಗಿ ಹಾಡು ಹಚ್ಚಿರೆಂದು ಕೇಳುವ ಹೆಂಗಸು ಆಗ ನಮ್ಮಲ್ಲಿ ಇರಲಿಲ್ಲ. ಹೀಗಾಗಿ ಆ ಹಾಡಿಗೆ ಗೆರೆ ಬೀಳಲಿಲ್ಲ…

ಬಾಗಿಲ ಹಿಂದೆ ಕುಳಿತು ನಾನು ಕಾರ್ಡಿನಲ್ಲಿ ಕಾಕಾನ ಹೆಸರು, ವಿಳಾಸ ಹಾಕಿ ನೀರಿನ ಹಾಡಿನ ಹೆಸರು ಬರೆದೆ. ಯೋಚಿಸಿ ಬರೆದೆನೆಂದು ಹೇಳಲಾರೆ. ಕೈ ಬರೆಯಿತು.

“ಓದ್ರಿ ನೋಡೂಣು” ಎಂದರು ಕಾಕಾ.

ನಾನು ಓದಿದೆ. ಬರೆದದ್ದನ್ನಲ್ಲ. ಸಿಳ್ಳಿ ಹಾಡಿನ ಹೆಸರನ್ನೇ ಜೋರಾಗಿ ಓದಿದೆ. ಅವರಿಗೆ ಸಂತೋಷವಾಯಿತು. ಸಹಿಯ ಜಾಗದಲ್ಲಿ ಒಂದು ಸ್ಪೀಕರಿನ ಚಿತ್ರ ತೆಗೆದು, ಕಾರ್ಡನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಟಪಾಲು ಕಚೇರಿಗೆ ಹೋದರು.

ಅಲ್ಲಿಗೆ ಮುಗಿದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕಾಕಾ ಅಂದಿನಿಂದ ಪ್ರತಿ ಮದುವೆಯಲ್ಲೂ ಮೈಕು ಹಿಡಿದು, “ಈ ಹಾಡಿಗೆ ನಾಲ್ಕೂ ತಾಲೂಕಿನ ಮತ ಹೋಗೈತಿ, ಮುಂಬೈದಾಗ ಇದ ಗೆಲ್ತೈತಿ” ಎಂದು ಸಾರತೊಡಗಿದರು. ಶಿಗ್ಗಾವಿಯಲ್ಲಿ ಇನ್ನೊಬ್ಬ ಮೈಕಿನವನಿದ್ದ. ಆತ ಒಂದು ಮದುವೆಯಲ್ಲಿ ಎಲ್ಲರೆದುರು, “ಕಾಕಾ, ಮುಂಬೈದವರು ನಿಮ್ಮನ್ನ ಕೇಳಿ ಪ್ರಶಸ್ತಿ ಕೊಡ್ತಾರೇನ್ರಿ? ಗೆಲ್ಲಲಿಲ್ಲಂದ್ರ ಏನ್ ಮಾಡ್ತೀರಿ?” ಎಂದು ಕೆಣಕಿದ.

“ಗೆಲ್ಲಲಿಲ್ಲಂದ್ರ ನನಗ ಹಾಡು ತಿಳಿಯೂದಿಲ್ಲಂತ ಆತು. ಮತ್ತ ಮೈಕಿನ್ಯಾಗ ಬಾಯಿ ತೆರಿಯೂದಿಲ್ಲ” ಎಂದರು ಕಾಕಾ. ಸ್ಪೀಕರಿನಲ್ಲೇ ಹೇಳಿದ್ದರಿಂದ ಇಡೀ ಊರಿಗೆ ಕೇಳಿತು.

ಈ ಸುದ್ದಿಯನ್ನು ನಿಮ್ಮ ಅಜ್ಜ ನಗುತ್ತ ಮನೆಯಲ್ಲಿ ಹೇಳಿದಾಗ ನಾನು ಊಟ ಬಿಟ್ಟು ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಎದುರಿನ ಅಂಗಡಿಗೆ ಹೋಗಿ ನಿಜ ಹೇಳಲು ನಾಲ್ಕು ಹೆಜ್ಜೆ ಸಾಕಿತ್ತು.

ಪ್ರಶಸ್ತಿಯ ಸುದ್ದಿ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಬಂತು. ಓಣಿಯವರೆಲ್ಲ ಕೇಳಲೆಂದು ಕಾಕಾ ರೇಡಿಯೋ ಮುಂದೆ ಮೈಕು ಇಟ್ಟು ಸ್ಪೀಕರಿಗೆ ಕೂಡಿಸಿದ್ದರು. ಹಿಂದಿ, ಮರಾಠಿ, ತಮಿಳು ಹಾಡುಗಳ ಹೆಸರು ಹೇಳಿ ಆಮೇಲೆ ಕನ್ನಡದ್ದು ಹೇಳಿದರು. ನೀರಿನ ಹಾಡು. ಓಣಿಯಲ್ಲಿ ಯಾರೋ ಸಿಳ್ಳು ಹೊಡೆದು ನಕ್ಕರು. ಕಾಕಾ ಸ್ವಿಚ್ಚು ಆರಿಸಿದರು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ನನ್ನ ಒಂದು ಕಾರ್ಡಿನಿಂದಲೇ ಗೆದ್ದಿತು ಎಂದು ಬಹಳ ದಿನ ನಂಬಿದ್ದೆ. ಖುಷಿಯ ಹಿಂದೆಯೇ ಕಾಕಾ ಮೈಕಿನಲ್ಲಿ ಆಡಿದ ಮಾತು ನೆನಪಾಯಿತು.

ಮುಂದಿನ ಮದುವೆ ಆಡೂರಿನಲ್ಲಿತ್ತು. ನಾವೂ ಹೋಗಿದ್ದೆವು. ಕಾಕಾ ಹಾಡಿನ ಮೇಲೆ ಹಾಡು ಹಚ್ಚಿದರು, ಮಾತಾಡಲಿಲ್ಲ. “ಕಾಕಾ, ಏನರ ಅನ್ರಿ, ಮಸಾಲಿ ಇಲ್ಲದ ಪಲ್ಲೆ ಉಂಡಂಗ ಆಗಾಕತ್ತೈತಿ” ಎಂದು ಮಂದಿ ಕೂಗಿದರು. ಅವರು ಕೈಯಾಡಿಸಿ ಬೇಡವೆಂದರು. ಅಂದಿನಿಂದ ಯಂತ್ರದ ಮೇಜನ್ನೂ ಚಪ್ಪರಕ್ಕೆ ಎದುರಾಗಿ ಇಡದೆ ಪಕ್ಕಕ್ಕೆ, ಅಡಿಗೆಯವರ ಕಡೆ ಮುಖ ಮಾಡಿ ಇಡತೊಡಗಿದರು. ಅವಮಾನಕ್ಕೆ ಮುಖ ತಿರುವಿಕೊಂಡಿದ್ದಾರೆ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದೆ. ಆಡಿದ ಮಾತಿನಂತೆ ಮತ್ತೆ ಮೈಕಿನಲ್ಲಿ ಬಾಯಿ ತೆರೆಯಲಿಲ್ಲ, ಒಂದು ವರ್ಷವಲ್ಲ, ಹತ್ತು ವರ್ಷಕ್ಕೂ ಮೇಲೆ…

ಆಮೇಲೆ ಕ್ಯಾಸೆಟ್ಟು ಬಂದವು. ಮನೆಮನೆಗೂ ಟೇಪ್‌ರಿಕಾರ್ಡರ್ ಆಯಿತು. ಕಾಕಾ ಯಂತ್ರ ಮಾರಿ ಹುಲಗೂರಿಗೆ ಹೊರಟರು. ಹೊರಡುವ ದಿನ ನಮ್ಮ ಮನೆಗೆ ಬಂದರು. ಅತ್ತೆ ಇದ್ದರು. ನಾನು ಚಹಾ ಕೊಟ್ಟೆ. ಇವತ್ತು ಹೇಳಿಬಿಡಬೇಕು ಎಂದು ಬಾಗಿಲ ಹಿಂದೆ ಸರಿಯದೆ ಎದುರಿಗೇ ನಿಂತೆ. ಕಾಕಾ ಚೀಲದಿಂದ ಈ ಡಬ್ಬಿಯನ್ನೂ ಒಂದು ರಿಕಾರ್ಡನ್ನೂ ತೆಗೆದು ನನ್ನ ಕಡೆ ಚಾಚಿದರು. ನೀರಿನ ಹಾಡು.

“ಇದು ನಿಮ್ಮ ಮನ್ಯಾಗ ಇರಲಿ ತಂಗಿ.”

ಹೊದಿಕೆಯ ಮೇಲೆ ಹಳೆಯ ಮೂರು ಗೆರೆ. ಅವುಗಳ ಕೆಳಗೆ ತುಂಬ ಸಣ್ಣ ಸಣ್ಣ ಸೊನ್ನೆ.

“ಗೆರಿ ಗಂಡಸರದು, ಸೊನ್ನಿ ಹೆಂಗಸರದು” ಎಂದರು. “ಲಟ್ಟಣಿಗಿ ನಿಂತಾಗೊಮ್ಮಿ ಒಂದು ಹಾಕೇನಿ. ಮೊದಲ ಆ ಕಡೆ ನೋಡಿದ್ದಿಲ್ಲ ನಾ.”

ಅತ್ತೆಗೆ ಏನೂ ತಿಳಿಯಲಿಲ್ಲ. “ಏನ್ ಕಾಕಾ, ಹಾಡಿಗೂ ಸೊನ್ನಿ ಹಾಕ್ತೀರಿ, ಪಾಸೋ ನಪಾಸೋ?” ಎಂದರು.

“ಪಾಸ್ ರೀ ಅಕ್ಕಾರ” ಎಂದು ಕಾಕಾ ನಕ್ಕರು.

ನನ್ನ ಬಾಯಿಂದ “ಚಹಾ ಆರತೈತ್ರಿ” ಎಂಬುದಷ್ಟೇ ಬಂತು.

ಅವರ ಬಸ್ಸು ಹೋದ ಮೇಲೆ ಹೊದಿಕೆಯೊಳಗೆ ಒಂದು ಕಾರ್ಡು ಸಿಕ್ಕಿತು. ಮುಂಬೈಯಿಂದ ಪ್ರಶಸ್ತಿಯವರು ಕಾಕಾನಿಗೆ ಕಳಿಸಿದ್ದು. ತಮ್ಮ ಮತ ತಲುಪಿತು, ತಾವು ಮೆಚ್ಚಿದ ಹಾಡಿಗೇ ಪ್ರಶಸ್ತಿ ಬಂದಿದೆ, ಅಭಿನಂದನೆಗಳು ಎಂದು ಕನ್ನಡದಲ್ಲೇ ಬರೆದು ಹಾಡಿನ ಹೆಸರನ್ನೂ ಹಾಕಿದ್ದರು. ಮಡಿಕೆಗಳಲ್ಲಿ ಕಾರ್ಡು ಬಟ್ಟೆಯಂತೆ ಮೆತ್ತಗಾಗಿತ್ತು. ಕಾರ್ಡು ಬಂದ ದಿನವೇ ಟಪಾಲಿನವರು ಅವರಿಗೆ ಓದಿ ಹೇಳಿರಬೇಕು. ಅದನ್ನು ಒಂದು ಸಲ ಶಿಗ್ಗಾವಿಯವನ ಮುಂದೆ ಹಿಡಿದಿದ್ದರೆ ಸಾಕಿತ್ತು, ಕಾಕಾ ಗೆದ್ದವರಾಗುತ್ತಿದ್ದರು, ಮೈಕು ಮತ್ತೆ ಅವರ ಕೈಗೆ ಬರುತ್ತಿತ್ತು. ಆದರೆ ಸಾರಿದ್ದು ಒಂದು, ಬರೆದದ್ದು ಒಂದು ಹೇಗಾಯಿತು ಎಂದು ಮಂದಿ ಕೇಳುತ್ತಿದ್ದರು. ಬರೆದವಳು ಯಾರು ಎನ್ನುವುದು ಓಣಿಗೆಲ್ಲ ಗೊತ್ತಿತ್ತು. ನಾನು ಆಗ ಹೊಸ ಸೊಸೆ.

ಅವರಿಗೊಂದು ಪತ್ರ ಬರೆಯಬೇಕೆಂದುಕೊಂಡೆ. ಬರೆದರೆ ಅದನ್ನು ಬೇರೆಯವರು ಓದಿ ಹೇಳಬೇಕು. ಅವರು ಅಷ್ಟು ವರ್ಷ ಮುಚ್ಚಿಟ್ಟದ್ದು ನನ್ನ ಪತ್ರದಿಂದಲೇ ಬಯಲಾಗುತ್ತಿತ್ತು. ಹುಲಗೂರಿಗೆ ಹೋಗುವ ಧೈರ್ಯ ಬರುವಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ರಿಕಾರ್ಡು ಅಲಮಾರಿಯ ಮೇಲಿನ ಖಾನೆಯಲ್ಲಿದೆ. ನುಡಿಸುವ ಯಂತ್ರ ನಮ್ಮಲ್ಲಿಲ್ಲ. ಕಾರ್ಡು ಅದರೊಳಗೇ ಇದೆ, ಓದಬೇಕೆನಿಸಿದರೆ ಓದಿ, ಮಡಿಕೆ ಹರಿಯದಂತೆ ನೋಡಿಕೊಳ್ಳಿ. ಮೊನ್ನೆ ನೀವು ಫೋನು ಕೈಗೆ ಕೊಟ್ಟಾಗ ನಾನು ಸುಮ್ಮನೆ ಕುಳಿತದ್ದು ಇದಕ್ಕೆ. ನನ್ನ ಮತ ನಾನು ಒಮ್ಮೆ ಹಾಕಿದ್ದೇನೆ. ಅದು ಬೇರೊಬ್ಬರ ಹೆಸರಿನಲ್ಲಿ ಹೋಯಿತು, ಗೆದ್ದಿತು, ಅವರ ದನಿ ನಿಂತಿತು. ಅದು ನನ್ನ ಮತ ಎಂದು ನಾನು ಕೊನೆಗೂ ಕಾಕಾನಿಗೆ ಹೇಳಲಿಲ್ಲ.